ಜಾಲತಾಣಗಳನ್ನು ತೊರೆಯದೆ ಹತೋಟಿಗೆ ತಂದುಕೊಂಡ ಬಗೆ: ನನ್ನ ಅನುಭವ

ಸಾಮಾಜಿಕ ಜಾಲತಾಣಗಳನ್ನು ಬಿಟ್ಟವರ ಬರಹಗಳು ಬೇಕಾದಷ್ಟು ಸಿಗುತ್ತವೆ. ಖಾತೆ ಅಳಿಸಿದೆ, ಮನಸ್ಸು ಹಗುರವಾಯಿತು ಎಂಬ ಧಾಟಿಯ ಆ ಬರಹಗಳು ಬಹುತೇಕ ಅದೇ ಜಾಲತಾಣಗಳಲ್ಲಿ ಪ್ರಕಟವಾಗುತ್ತವೆ ಎಂಬುದು ಬೇರೆ ಮಾತು. ನಾನು ಯಾವುದನ್ನೂ ಬಿಟ್ಟಿಲ್ಲ. ಬಂಧುಬಳಗದ ಸುದ್ದಿ ನನಗೆ ತಲುಪುವುದು ವಾಟ್ಸ್ಆ್ಯಪ್ ಮೂಲಕ. ನನ್ನ ಕೆಲಸಕ್ಕೆ ಸಂಬಂಧಿಸಿದ ಒಳ್ಳೆಯ ಚರ್ಚೆಗಳು ನಡೆಯುವುದು ಫೇಸ್‌ಬುಕ್ ಮತ್ತು ಎಕ್ಸ್‌ನಲ್ಲಿ. ಕೆಟ್ಟುಹೋದ ಉಪಕರಣವನ್ನು ಬಿಚ್ಚುವ ಮೊದಲು ನಾನು ನೋಡುವುದು ಯೂಟ್ಯೂಬ್. ಇವುಗಳನ್ನೆಲ್ಲ ತಯಾರಕರು ಹೇಗೆ ಕೊಟ್ಟರೋ ಹಾಗೆಯೇ ಬಳಸುವುದನ್ನು ನಿಲ್ಲಿಸಿ, ಒಂದೊಂದರ ಸೆಟ್ಟಿಂಗ್ಸ್ ತೆರೆದು ನನಗೆ ಬೇಕಾದಂತೆ ತಿದ್ದಿಕೊಂಡೆ. ಆ ತಿದ್ದುಪಡಿಗಳ ವಿವರವೇ ಈ ಬರಹ.

ಸಂಕಲ್ಪವೊಂದಿದ್ದರೆ ಸಾಕೆಂದು ನಂಬುವವರಿಗೆ ಒಂದು ಮಾತನ್ನು ಮೊದಲೇ ಹೇಳಬೇಕು. ಇಂದಿನ ಜಾಲತಾಣಗಳ ರಚನೆಯಲ್ಲಿ ‘ಇಲ್ಲಿಗೆ ಮುಗಿಯಿತು’ ಎನ್ನುವ ಜಾಗವನ್ನೇ ಉದ್ದೇಶಪೂರ್ವಕವಾಗಿ ತೆಗೆದುಹಾಕಲಾಗಿದೆ. ಹಿಂದೆ ಪುಟದ ಕೊನೆಗೆ ಬಂದಾಗ ಒಂದು, ಎರಡು, ಮೂರು ಎಂಬ ಪುಟಸಂಖ್ಯೆಗಳಿರುತ್ತಿದ್ದವು; ಮುಂದಿನ ಪುಟಕ್ಕೆ ಹೋಗಲು ಬೆರಳು ಒಂದು ನಿರ್ಧಾರ ಮಾಡಬೇಕಾಗಿತ್ತು. ಅಜಾ ರಾಸ್ಕಿನ್ ಎಂಬ ವಿನ್ಯಾಸಕಾರ 2006ರಲ್ಲಿ ರೂಪಿಸಿದ ಕೊನೆಯಿಲ್ಲದ ಸ್ಕ್ರೋಲ್ ಆ ನಿರ್ಧಾರದ ಅಗತ್ಯವನ್ನೇ ಇಲ್ಲವಾಗಿಸಿತು. ಮುಂದೆ ಆತನೇ ಅದರ ಬಗ್ಗೆ ಬಹಿರಂಗವಾಗಿ ವಿಷಾದ ವ್ಯಕ್ತಪಡಿಸಿದ್ದಾನೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ತನ್ನ ನ್ಯೂಸ್ ಫೀಡ್ ಆರಂಭಿಸಿತು. ಅದಕ್ಕೂ ಮೊದಲು ಗೆಳೆಯನ ಸುದ್ದಿ ತಿಳಿಯಬೇಕೆಂದರೆ ಆತನ ಪುಟಕ್ಕೆ ನಾವೇ ಹೋಗಬೇಕಾಗಿತ್ತು. ಆರ್ಕುಟ್ ಎಂಬ ಹಳೆಯ ಜಾಲತಾಣ ಬಳಸಿದವರಿಗೆ ಇದು ನೆನಪಿರಬಹುದು: ಒಬ್ಬೊಬ್ಬರ ಸ್ಕ್ರ್ಯಾಪ್‌ಬುಕ್ ತೆರೆದು, ಓದಿ, ಎರಡು ಸಾಲು ಬರೆದು ಹೊರಬರುತ್ತಿದ್ದೆವು. ಫೀಡ್ ಬಂದ ಮೇಲೆ ಸುದ್ದಿಗಳೇ ನಮ್ಮ ಬಳಿಗೆ ಹರಿದು ಬರತೊಡಗಿದವು. ಆಗ ಲಕ್ಷಾಂತರ ಬಳಕೆದಾರರು ಫೇಸ್‌ಬುಕ್‌ನಲ್ಲೇ ಗುಂಪು ಕಟ್ಟಿಕೊಂಡು ಅದನ್ನು ವಿರೋಧಿಸಿದರು. ಆ ವಿರೋಧದ ಸುದ್ದಿ ಅಷ್ಟು ವೇಗವಾಗಿ ಹಬ್ಬಿದ್ದು ಕೂಡ ಅದೇ ಫೀಡ್‌ನಿಂದ ಎಂಬುದು ಈ ಪ್ರಕರಣದ ತಮಾಷೆ.

2009ರ ಫೆಬ್ರವರಿಯಲ್ಲಿ ಲೈಕ್ ಬಟನ್ ಬಂದಿತು. 2016ರಲ್ಲಿ ಟ್ವಿಟರ್ (ಈಗಿನ ಎಕ್ಸ್) ಮತ್ತು ಇನ್‌ಸ್ಟಾಗ್ರಾಂ ಎರಡೂ ಕಾಲಾನುಕ್ರಮವನ್ನು ಬದಿಗಿಟ್ಟು, ಯಾವುದನ್ನು ನಾವು ಹೆಚ್ಚು ಹೊತ್ತು ನೋಡುತ್ತೇವೆಂದು ಲೆಕ್ಕ ಹಾಕಿ ಅದನ್ನು ಮೇಲೆ ತೋರಿಸುವ ಕ್ರಮಕ್ಕೆ ಹೊರಳಿದವು. ಇಷ್ಟು ಬದಲಾವಣೆಗಳ ಎದುರಿಗೆ ‘ಇನ್ನು ಮೇಲೆ ಕಡಿಮೆ ನೋಡುತ್ತೇನೆ’ ಎಂಬ ಒಬ್ಬ ವ್ಯಕ್ತಿಯ ಪ್ರತಿಜ್ಞೆ ನಿಲ್ಲುವುದು ಕಷ್ಟ. ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಬಂದದ್ದೂ ಇದೇ. ಕೊಕ್ಕಿನಿಂದ ಗುಂಡಿ ಕುಟ್ಟಿದಾಗಲೆಲ್ಲ ಕಾಳು ಸಿಗುವ ಹಕ್ಕಿಗಿಂತ, ಯಾವಾಗ ಸಿಗುತ್ತದೆಂದು ಗೊತ್ತಿಲ್ಲದ ಹಕ್ಕಿ ಹೆಚ್ಚು ಪಟ್ಟುಹಿಡಿದು ಕುಟ್ಟುತ್ತದೆ. ಬೆರಳಿನಿಂದ ಪರದೆಯನ್ನು ಕೆಳಗೆಳೆದು ಫೀಡ್ ತಾಜಾಗೊಳಿಸುವ ಅಭ್ಯಾಸವಿರುವ ಯಾರಿಗೂ ಈ ಹಕ್ಕಿಯ ಪರಿಚಯ ಮಾಡಿಕೊಡಬೇಕಿಲ್ಲ. ಆದ್ದರಿಂದ ನಾನು ಮನಸ್ಸನ್ನು ತಿದ್ದುವ ಉಸಾಬರಿಗೆ ಹೋಗದೆ ಫೋನನ್ನು ತಿದ್ದಿದೆ.

ಮೊದಲು ಕೈಹಾಕಿದ್ದು ನೋಟಿಫಿಕೇಶನ್‌ಗಳಿಗೆ. ಇದರಲ್ಲಿ ಸಿಕ್ಕಷ್ಟು ಫಲ ಬೇರಾವುದರಲ್ಲೂ ಸಿಗಲಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಎಲ್ಲ ಆ್ಯಪ್‌ಗಳ ನೋಟಿಫಿಕೇಶನ್‌ಗಳನ್ನೂ ಒಟ್ಟಿಗೆ ಬಂದ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ನಡೆಯುವಂಥದ್ದಲ್ಲ, ಏಕೆಂದರೆ ಬ್ಯಾಂಕಿನ ಸಂದೇಶವೂ ಮನೆಯವರ ಸಂದೇಶವೂ ಅದರೊಂದಿಗೆ ನಿಂತುಹೋಗಿ, ಎರಡೇ ದಿನದಲ್ಲಿ ಎಲ್ಲವನ್ನೂ ಮತ್ತೆ ಚಾಲೂ ಮಾಡಬೇಕಾಗುತ್ತದೆ. 2017ರಲ್ಲಿ ಬಂದ ಆಂಡ್ರಾಯ್ಡ್ 8ರಿಂದ ಈಚೆಗೆ ಪ್ರತಿಯೊಂದು ಆ್ಯಪ್ ತನ್ನ ನೋಟಿಫಿಕೇಶನ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿ ಕೊಡಬೇಕಾಗಿದೆ. ಬಂದ ನೋಟಿಫಿಕೇಶನ್ ಮೇಲೆ ಬೆರಳನ್ನು ಸ್ವಲ್ಪ ಹೊತ್ತು ಒತ್ತಿಹಿಡಿದರೆ ಅದು ಯಾವ ವರ್ಗಕ್ಕೆ ಸೇರಿದ್ದೆಂದು ಕಾಣಿಸುತ್ತದೆ. ಆ ಒಂದು ವರ್ಗವನ್ನು ಮಾತ್ರ ಅಲ್ಲಿಯೇ ನಿಲ್ಲಿಸಬಹುದು, ಅಥವಾ ಸದ್ದಿಲ್ಲದೆ ಬರುವಂತೆ ಮಾಡಬಹುದು. ಸಾಮಾನು ತರಿಸುವ ಆ್ಯಪ್‌ನಿಂದ ‘ನಿಮ್ಮ ಸಾಮಾನು ಹೊರಟಿದೆ’ ಎಂಬುದು ನನಗೆ ಬೇಕು, ‘ಇಂದು ಭಾರಿ ರಿಯಾಯಿತಿ’ ಎಂಬುದು ಬೇಡ. ಈ ವಿಂಗಡಣೆಯಿಂದ ಅದು ಸಾಧ್ಯವಾಯಿತು. ಎಲ್ಲವನ್ನೂ ಒಂದೇ ಕೂತಲ್ಲಿ ಸರಿಪಡಿಸುವ ಬದಲು, ಬೇಡದ ನೋಟಿಫಿಕೇಶನ್ ಬಂದಾಗ ಅದನ್ನು ಸರಿಸಿಹಾಕದೆ ಒತ್ತಿಹಿಡಿದು ಅದರ ವರ್ಗವನ್ನೇ ಮುಚ್ಚುವುದನ್ನು ರೂಢಿ ಮಾಡಿಕೊಂಡೆ. ಕೆಲವು ವಾರಗಳಲ್ಲಿ ಫೋನು ತಾನಾಗಿ ಶಾಂತವಾಯಿತು.

ಕೆಲವು ಆ್ಯಪ್‌ಗಳು ಇಲ್ಲಿಯೂ ಜಾಣತನ ತೋರಿಸುತ್ತವೆ. ಬೇಕಾದ ಮಾಹಿತಿಯನ್ನೂ ಜಾಹೀರಾತನ್ನೂ ಒಂದೇ ವರ್ಗದಲ್ಲಿ ಸೇರಿಸಿ, ಒಂದನ್ನು ನಿಲ್ಲಿಸಿದರೆ ಇನ್ನೊಂದೂ ನಿಲ್ಲುವಂತೆ ಮಾಡಿರುತ್ತವೆ. ಅಂಥವಕ್ಕೆ ನಾನು ಪೂರ್ತಿ ಬಾಗಿಲು ಹಾಕಿದ್ದೇನೆ. ಬೇಕಾದಾಗ ನಾನೇ ತೆರೆದು ನೋಡುತ್ತೇನೆ. ಆಂಡ್ರಾಯ್ಡ್ 13ರಿಂದ ಹೊಸದಾಗಿ ಹಾಕಿಕೊಂಡ ಆ್ಯಪ್ ನೋಟಿಫಿಕೇಶನ್ ಕಳಿಸಲು ಮೊದಲು ಅನುಮತಿ ಕೇಳಬೇಕು, ಐಫೋನ್‌ನಲ್ಲಿ ಈ ಪದ್ಧತಿ ಮುಂಚಿನಿಂದಲೂ ಇದೆ. ಆ ಪ್ರಶ್ನೆಗೆ ನಾನು ಯಾವಾಗಲೂ ಬೇಡವೆಂದೇ ಉತ್ತರಿಸುತ್ತೇನೆ. ನಿಜವಾಗಿ ಬೇಕಾದ ಸಂದರ್ಭ ಬಂದರೆ ಆಮೇಲೆ ಕೊಟ್ಟರಾಯಿತು. ಅಂಥ ಸಂದರ್ಭಗಳು ಬಂದದ್ದು ಬಹಳ ಅಪರೂಪ. ಆ್ಯಪ್ ಚಿತ್ರದ ಮೂಲೆಯಲ್ಲಿ ಕಾಣುವ ಕೆಂಪು ಚುಕ್ಕೆಯನ್ನೂ ಮರೆಯಬಾರದು. ಸದ್ದು ಮಾಡದಿದ್ದರೂ ಅದು ಫೋನ್ ತೆರೆದಾಗಲೆಲ್ಲ ಕಣ್ಣಿಗೆ ಬಿದ್ದು, ನಾವು ಬಂದ ಕೆಲಸವನ್ನು ಮರೆಸಿ ತನ್ನ ಕಡೆಗೆ ಎಳೆಯುತ್ತದೆ. ಅದನ್ನು ತೆಗೆಯುವ ಆಯ್ಕೆಯೂ ಸೆಟ್ಟಿಂಗ್ಸ್‌ನಲ್ಲಿಯೇ ಇದೆ.

ಇಷ್ಟಾದರೂ ನಾನಾಗಿ ಆ್ಯಪ್ ತೆರೆದಾಗ ಎದುರಾಗುವ ಫೀಡ್ ಉಳಿದೇ ಇರುತ್ತದೆ. ಇಲ್ಲಿ ಅತ್ಯಂತ ಸುಲಭವಾಗಿ ಬಗ್ಗಿದ್ದು ಯೂಟ್ಯೂಬ್. ಖಾತೆಯ ಸೆಟ್ಟಿಂಗ್ಸ್‌ನಲ್ಲಿ ವೀಕ್ಷಣೆಯ ಇತಿಹಾಸವನ್ನು ನಿಲ್ಲಿಸಿ, ಹಿಂದಿನದನ್ನೆಲ್ಲ ಅಳಿಸಿದರೆ ಮುಖಪುಟದ ಶಿಫಾರಸುಗಳು ಮಾಯವಾಗುತ್ತವೆ. ಯೂಟ್ಯೂಬ್ 2023ರ ಆಗಸ್ಟ್‌ನಿಂದ ಈ ವ್ಯವಸ್ಥೆಯನ್ನು ಜಾರಿಗೆ ತಂದಿದೆ. ಈಗ ನಾನು ಅದನ್ನು ತೆರೆದರೆ ಕಾಣುವುದು ಬಹುಮಟ್ಟಿಗೆ ಖಾಲಿ ಪುಟ, ಮೇಲೊಂದು ಹುಡುಕುವ ಪಟ್ಟಿ. ಏನನ್ನು ನೋಡಲು ಬಂದೆನೋ ಅದನ್ನು ಟೈಪಿಸಬೇಕು. ಏನೂ ನೆನಪಾಗದಿದ್ದರೆ ಮುಚ್ಚಬೇಕು. ಆ ಖಾಲಿ ಪುಟ ಮೊದಮೊದಲು ವಿಚಿತ್ರವಾಗಿ ಕಂಡಿತು, ಬೇಸರವೂ ಆಯಿತು. ಆದರೆ ಎಷ್ಟು ಸಲ ನಾನು ಏನೂ ಕಾರಣವಿಲ್ಲದೆ ಅಲ್ಲಿಗೆ ಬರುತ್ತಿದ್ದೆ ಎಂಬುದನ್ನು ಅದರಷ್ಟು ಸ್ಪಷ್ಟವಾಗಿ ಬೇರೇನೂ ತೋರಿಸಿಕೊಡಲಿಲ್ಲ.

ಫೇಸ್‌ಬುಕ್‌ನಲ್ಲಿ ಇಷ್ಟು ಸರಳ ದಾರಿಯಿಲ್ಲ. ಗೆಳೆಯರ ಬರಹಗಳನ್ನು ಮಾತ್ರ ಹೊಸದು ಮೊದಲು ಎಂಬ ಕ್ರಮದಲ್ಲಿ ತೋರಿಸುವ ಫೀಡ್ಸ್ ಎಂಬ ವಿಭಾಗವನ್ನು ಅವರು 2022ರಲ್ಲಿ ಸೇರಿಸಿದ್ದಾರೆ. ಮೆನುವಿನೊಳಗೆ ಹುಡುಕಿ ತೆಗೆಯಬೇಕು, ಅದನ್ನೇ ಶಾಶ್ವತ ಮುಖಪುಟವಾಗಿ ಇಟ್ಟುಕೊಳ್ಳಲು ಬಿಡುವುದಿಲ್ಲ. ಇನ್‌ಸ್ಟಾಗ್ರಾಂ ಕೂಡ ಅದೇ ವರ್ಷ ಕಾಲಾನುಕ್ರಮದ ಆಯ್ಕೆಯನ್ನು ಮರಳಿ ತಂದು, ಅದೇ ರೀತಿ ಪ್ರತಿ ಸಲವೂ ಬಳಕೆದಾರನೇ ಆರಿಸಿಕೊಳ್ಳಬೇಕಾದಂತೆ ಮಾಡಿತು. ಹೀಗಾಗಿ ಫೋನಿನಿಂದ ಫೇಸ್‌ಬುಕ್ ಆ್ಯಪನ್ನು ತೆಗೆದು, ಕಂಪ್ಯೂಟರಿನ ಬ್ರೌಸರಿನಲ್ಲಿ ಆ ವಿಭಾಗದ ವಿಳಾಸವನ್ನೇ ಬುಕ್‌ಮಾರ್ಕ್ ಮಾಡಿಟ್ಟುಕೊಂಡೆ. ಬುಕ್‌ಮಾರ್ಕ್ ಒತ್ತಿದರೆ ನೇರವಾಗಿ ಗೆಳೆಯರ ಬರಹಗಳೇ ತೆರೆದುಕೊಳ್ಳುತ್ತವೆ. ಈ ಕ್ರಮದಲ್ಲಿ ಓದಿದಾಗ ಕಂಡ ಸಂಗತಿಯೆಂದರೆ, ನನ್ನ ಗೆಳೆಯರಲ್ಲಿ ಹೆಚ್ಚಿನವರು ಈಗ ಏನನ್ನೂ ಬರೆಯುತ್ತಿಲ್ಲ. ಮುಖ್ಯ ಫೀಡ್ ಯಾರ್ಯಾರದೋ ವಿಡಿಯೋಗಳನ್ನು ತುಂಬಿ ಆ ಮೌನವನ್ನು ಮುಚ್ಚಿಟ್ಟಿತ್ತು. ಮಾತು ನಿಲ್ಲಿಸಿದ್ದ ಕೆಲವರಿಗೆ ನಾನಾಗಿ ಫೋನ್ ಮಾಡಿದೆ.

ಲೇಖನಗಳನ್ನೂ ಸುದ್ದಿಯನ್ನೂ ಓದಲು ನಾನು ಆರಿಸಿಕೊಂಡದ್ದು ಆರ್‌ಎಸ್‌ಎಸ್ ಎಂಬ ಹಳೆಯ ತಂತ್ರ. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆ ಅದರ ಮೊದಲ ರೂಪವನ್ನು ಹೊರತಂದಿತ್ತು. ನಮಗೆ ಬೇಕಾದ ತಾಣಗಳ ವಿಳಾಸಗಳನ್ನು ಒಂದು ಓದುಗ ತಂತ್ರಾಂಶಕ್ಕೆ ಕೊಟ್ಟರೆ, ಹೊಸ ಬರಹ ಬಂದಾಗ ಅದರ ಶೀರ್ಷಿಕೆ ಅಲ್ಲಿಗೆ ತಲುಪುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ನಡುವೆ ಕುಳಿತು ತೀರ್ಮಾನಿಸುವವರು ಯಾರೂ ಇಲ್ಲ. 2013ರ ಜುಲೈ 1ರಂದು ಗೂಗಲ್ ರೀಡರ್ ಎಂಬ ಜನಪ್ರಿಯ ಓದುಗ ತಂತ್ರಾಂಶ ಮುಚ್ಚಿದಾಗ ಈ ತಂತ್ರವೇ ಸತ್ತಿತೆಂದು ಬಹಳ ಜನ ತಿಳಿದರು. ಅದು ಸತ್ತಿಲ್ಲ, ಪಾಡ್‌ಕಾಸ್ಟ್‌ಗಳು ಇಂದಿಗೂ ಆರ್‌ಎಸ್‌ಎಸ್ ಮೂಲಕವೇ ಹಂಚಿಕೆಯಾಗುತ್ತವೆ, ಯೂಟ್ಯೂಬ್ ಚಾನೆಲ್‌ಗಳಿಗೂ ಅದರ ಸೌಲಭ್ಯವಿದೆ. ಇದರ ದೊಡ್ಡ ಗುಣವೆಂದರೆ ಇದು ಮುಗಿಯುತ್ತದೆ. ಓದಬೇಕಾದ್ದನ್ನು ಓದಿದ ಮೇಲೆ ಪಟ್ಟಿ ಬರಿದಾಗುತ್ತದೆ. ದಿನಕ್ಕೆ ಹತ್ತಾರು ಸುದ್ದಿ ಹಾಕುವ ತಾಣಗಳನ್ನು ಮಾತ್ರ ಇದಕ್ಕೆ ಸೇರಿಸಬಾರದು, ಸೇರಿಸಿದರೆ ಪಟ್ಟಿಯು ಇನ್ನೊಂದು ಫೀಡ್ ಆಗಿಬಿಡುತ್ತದೆ. ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬರೆಯುವವರ ತಾಣಗಳಿಗೇ ಇದು ಹೇಳಿ ಮಾಡಿಸಿದ ವ್ಯವಸ್ಥೆ.

ವಾಟ್ಸ್ಆ್ಯಪ್‌ನ ಸಮಸ್ಯೆಯೇ ಬೇರೆ. ಅಲ್ಲಿ ನಮ್ಮನ್ನು ಹಿಡಿದಿಡುವುದು ಲೆಕ್ಕಾಚಾರದ ಫೀಡ್ ಅಲ್ಲ, ಬಂಧುಗಳು ಮತ್ತು ಸ್ನೇಹಿತರು. ಆದ್ದರಿಂದ ತಾಂತ್ರಿಕ ಪರಿಹಾರ ಅರ್ಧದಷ್ಟೇ. ಉಳಿದರ್ಧಕ್ಕೆ ನಯ ಬೇಕು. ತಾಂತ್ರಿಕವಾದುದನ್ನು ಮೊದಲು ಹೇಳುತ್ತೇನೆ. 2019ರಿಂದ, ನಮ್ಮನ್ನು ಗುಂಪುಗಳಿಗೆ ಯಾರು ಸೇರಿಸಬಹುದೆಂದು ನಾವೇ ನಿಗದಿ ಮಾಡಬಹುದು. ನಾನು ಅದನ್ನು ನನ್ನ ಸಂಪರ್ಕಪಟ್ಟಿಯಲ್ಲಿ ಇರುವವರಿಗೆ ಸೀಮಿತಗೊಳಿಸಿದ ಮೇಲೆ, ಅಪರಿಚಿತರು ನಡೆಸುವ ಶೇರು ಮಾರುಕಟ್ಟೆಯ ಸಲಹಾ ಗುಂಪುಗಳಿಗೆ ನನ್ನನ್ನು ಎಳೆದು ಹಾಕುವುದು ನಿಂತಿತು. 2021ರಿಂದ ಆರ್ಕೈವ್ ಮಾಡಿದ, ಅಂದರೆ ಮುಖ್ಯ ಪಟ್ಟಿಯಿಂದ ಬದಿಗೆ ಸರಿಸಿದ ಗುಂಪು ಹೊಸ ಸಂದೇಶ ಬಂದರೂ ಆರ್ಕೈವ್‌ನಲ್ಲಿಯೇ ಉಳಿಯುತ್ತದೆ. 2022ರಿಂದ ಗುಂಪು ಬಿಟ್ಟರೆ ನಿರ್ವಾಹಕರಿಗೆ ಮಾತ್ರ ಸೂಚನೆ ಹೋಗುತ್ತದೆ. ಚಿತ್ರ, ವಿಡಿಯೋಗಳು ತಾವಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿದ್ದರಿಂದ ಫೋನಿನಲ್ಲಿ ಜಾಗವೂ ಉಳಿಯಿತು, ಶುಭೋದಯದ ಹೂಗಳ ನಡುವೆ ನನ್ನದೇ ಫೋಟೋ ಹುಡುಕುವ ಕಷ್ಟವೂ ತಪ್ಪಿತು.

ಸಂದೇಶವನ್ನು ಓದಿದ್ದಾರೆಂದು ತೋರಿಸುವ ನೀಲಿ ಗೆರೆಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದುದು. 2014ರ ನವೆಂಬರ್‌ನಲ್ಲಿ ವಾಟ್ಸ್ಆ್ಯಪ್ ಅವುಗಳನ್ನು ತಂದಾಗಿನಿಂದ ‘ಓದಿದ್ದಾರೆ, ಆದರೂ ಉತ್ತರಿಸಿಲ್ಲ’ ಎಂಬ ಹೊಸ ಬಗೆಯ ಮುನಿಸು ಹುಟ್ಟಿಕೊಂಡಿತು. ಪತ್ರದ ಕಾಲದಲ್ಲಿ ಉತ್ತರ ತಡವಾದರೆ ಅಂಚೆಯನ್ನು ದೂರಬಹುದಾಗಿತ್ತು. ಆ ಮರೆಯನ್ನು ಈ ಎರಡು ಗೆರೆಗಳು ಕಿತ್ತುಹಾಕಿದವು. ನಾನು ಅವುಗಳನ್ನು ಬಂದ್ ಮಾಡಿದ್ದೇನೆ, ಹಾಗಾಗಿ ಬೇರೆಯವರು ನನ್ನ ಸಂದೇಶವನ್ನು ಓದಿದರೋ ಇಲ್ಲವೋ ಎಂಬುದೂ ನನಗೆ ತಿಳಿಯುವುದಿಲ್ಲ. ಎರಡನೆಯದೇ ಹೆಚ್ಚಿನ ಲಾಭ. ಗುಂಪುಗಳಲ್ಲಿ ಮಾತ್ರ ಈ ಸೆಟ್ಟಿಂಗ್ ಅನ್ವಯಿಸುವುದಿಲ್ಲ. ಗುಂಪಿನಲ್ಲಿ ಸಂದೇಶ ಹಾಕಿದವರು ಅದರ ವಿವರ ತೆರೆದರೆ ಯಾರು ಓದಿದರೆಂದು ಕಾಣುತ್ತದೆ. ಇದನ್ನು ತಿಳಿಯದವರು ಗುಂಪಿನಲ್ಲಿ ‘ಈಗಷ್ಟೇ ನೋಡಿದೆ’ ಎಂದು ಬರೆದು ಸಿಕ್ಕಿಬೀಳುತ್ತಾರೆ.

ಇನ್ನು ಫಾರ್ವರ್ಡ್‌ಗಳು. ವಾಟ್ಸ್ಆ್ಯಪ್ 2018ರಲ್ಲಿ ಭಾರತದಲ್ಲಿ, 2019ರಲ್ಲಿ ಜಗತ್ತಿನ ಎಲ್ಲೆಡೆ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳಿಸದಂತೆ ಮಿತಿ ಹಾಕಿತು. ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣಗಳ ಗುರುತು ಇರುತ್ತದೆ. 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದು. ಆ ಎರಡು ಬಾಣಗಳನ್ನು ಕಂಡರೆ ನಾನು ಮುಂದೆ ಕಳಿಸುವುದಿಲ್ಲ. ಬೇರೆಯವರು ಕಳಿಸಿದ್ದರೆ ಮಾಡಬೇಕಾದ್ದೇನು ಎಂಬುದೇ ಕಷ್ಟದ ಪ್ರಶ್ನೆ. ಒಮ್ಮೆ ನಮ್ಮ ಕುಟುಂಬದ ಗುಂಪಿನಲ್ಲಿ ಚಿಕ್ಕಪ್ಪ ಒಂದು ಪ್ರವಾಹದ ವಿಡಿಯೋ ಹಾಕಿ, ಇದು ನಿನ್ನೆಯದು, ಎಲ್ಲರೂ ಎಚ್ಚರಿಕೆಯಿಂದಿರಿ ಎಂದು ಬರೆದಿದ್ದರು. ವಿಡಿಯೋವನ್ನು ಒಂದು ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದು, ಚಿತ್ರದಿಂದಲೇ ಹುಡುಕಿಕೊಡುವ ಗೂಗಲ್ ಲೆನ್ಸ್‌ಗೆ ಕೊಟ್ಟು ನೋಡಿದೆ. ಅದೇ ದೃಶ್ಯ ಹಲವು ವರ್ಷಗಳ ಹಿಂದಿನ, ಬೇರೊಂದು ದೇಶದ ಸುದ್ದಿಯಲ್ಲಿ ಸಿಕ್ಕಿತು. ಗುಂಪಿನಲ್ಲಿ ಉತ್ತರಿಸದೆ ಅವರಿಗೆ ಪ್ರತ್ಯೇಕವಾಗಿ ಬರೆದೆ: ‘ಚಿಕ್ಕಪ್ಪ, ಆ ವಿಡಿಯೋ ಹಳೆಯದಂತೆ, ಇಲ್ಲಿ ನೋಡಿ. ಯಾರೋ ನಿಮಗೂ ಹಾಗೆಯೇ ಕಳಿಸಿರಬೇಕು. ಗುಂಪಿನಿಂದ ತೆಗೆದುಬಿಟ್ಟರೆ ಉಳಿದವರು ಗಾಬರಿಯಾಗುವುದು ತಪ್ಪುತ್ತದೆ.’ ಅವರು ತೆಗೆದರು. ಅಷ್ಟೇ ಅಲ್ಲ, ಆಮೇಲೆ ಅನುಮಾನ ಬಂದದ್ದನ್ನು ಮೊದಲು ನನಗೆ ಕಳಿಸಿ ‘ಇದು ನಿಜವೇನಪ್ಪ, ನೋಡಿ ಹೇಳು’ ಎಂದು ಕೇಳತೊಡಗಿದರು. ಇದೇ ತಿದ್ದುಪಡಿಯನ್ನು ಎಲ್ಲರ ಎದುರಿಗೆ ಮಾಡಿದವರನ್ನು ಬೇರೆ ಗುಂಪುಗಳಲ್ಲಿ ಕಂಡಿದ್ದೇನೆ. ಅಲ್ಲಿ ಮಾತು ವಿಡಿಯೋದಿಂದ ಹಿರಿಯರ ಮರ್ಯಾದೆಗೆ ಜಾರಿ, ಸುಳ್ಳು ಸುದ್ದಿ ಹಾಗೆಯೇ ಉಳಿಯಿತು, ಇಬ್ಬರು ಗುಂಪು ಬಿಟ್ಟರು.

ನನ್ನ ಬಗ್ಗೆ ಈ ಕಂಪನಿಗಳ ಬಳಿ ಏನಿದೆ ಎಂಬುದನ್ನು ತರಿಸಿ ನೋಡಿದ್ದು ಈ ಕೆಲಸದ ಕುತೂಹಲಕರ ಭಾಗ. ಫೇಸ್‌ಬುಕ್ 2010ರಿಂದ, ಗೂಗಲ್ 2011ರಿಂದ ಬಳಕೆದಾರರಿಗೆ ಅವರ ಮಾಹಿತಿಯ ಪ್ರತಿ ಇಳಿಸಿಕೊಳ್ಳಲು ಅವಕಾಶ ಕೊಟ್ಟಿವೆ. ಕೋರಿಕೆ ಸಲ್ಲಿಸಿದ ಸ್ವಲ್ಪ ಸಮಯದ ನಂತರ ಜಿಪ್ ಕಡತ ಬರುತ್ತದೆ. ಓದುವುದಕ್ಕಾದರೆ ಬ್ರೌಸರಿನಲ್ಲಿ ತೆರೆಯುವ ಎಚ್‌ಟಿಎಂಎಲ್ ರೂಪವನ್ನು ಆರಿಸಿಕೊಳ್ಳಬೇಕು, ಜೇಸನ್ ರೂಪ ತಂತ್ರಾಂಶಗಳಿಗೆ ಮಾತ್ರ ಅನುಕೂಲ. ನನ್ನ ಹಳೆಯ ಫೋಟೋಗಳು, ಬರಹಗಳು ಅದರಲ್ಲಿ ಇದ್ದವು, ಅದು ನಿರೀಕ್ಷಿತವೇ. ಬೆರಗಾದದ್ದು ಬೇರೆ ಆ್ಯಪ್‌ಗಳೂ ತಾಣಗಳೂ ನನ್ನ ಚಟುವಟಿಕೆಯ ಬಗ್ಗೆ ಫೇಸ್‌ಬುಕ್‌ಗೆ ಕಳಿಸಿದ ವಿವರಗಳ ಪಟ್ಟಿಯನ್ನು ಕಂಡಾಗ. ಒಂದು ಮಾರಾಟ ತಾಣದಲ್ಲಿ ಯಾವ ದಿನ, ಎಷ್ಟು ಗಂಟೆಗೆ ವಸ್ತುವನ್ನು ನೋಡಿದೆ, ಯಾವಾಗ ಬುಟ್ಟಿಗೆ ಹಾಕಿದೆ ಎಂಬುದು ಸಾಲುಸಾಲಾಗಿತ್ತು. ಆ ತಾಣಕ್ಕೂ ಫೇಸ್‌ಬುಕ್‌ಗೂ ನಂಟಿದೆಯೆಂದು ನನಗೆ ಕಾಣುವಂಥ ಯಾವ ಕುರುಹೂ ಅಲ್ಲಿರಲಿಲ್ಲ. ಆ ಸಂಪರ್ಕವನ್ನು ಖಾತೆಯಿಂದ ಬೇರ್ಪಡಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ಬೇರ್ಪಡಿಸಿದೆ. ಜಾಹೀರಾತುಗಳು ಕಡಿಮೆಯಾಗಲಿಲ್ಲ, ನನ್ನ ಬೆನ್ನುಹತ್ತಿ ಬರುವುದು ಕಡಿಮೆಯಾಯಿತು. ಆ ಜಿಪ್ ಕಡತವನ್ನು ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡಿದ್ದೇನೆ. ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿದ ಮೇಲೆ ಪ್ರತಿ ಇಳಿಸಿಕೊಳ್ಳದವರ ಸ್ಕ್ರ್ಯಾಪ್‌ಗಳು ಹೋದವು ಎಂಬುದನ್ನು ಬಲ್ಲವರಿಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ.

ಫೋಟೋಗಳ ಬಗ್ಗೆ ಒಂದೆರಡು ಮಾತು. ಫೋನಿನ ಕ್ಯಾಮೆರಾ ತೆಗೆದ ಚಿತ್ರದೊಳಗೆ ಎಕ್ಸಿಫ್ ಎಂಬ ಟಿಪ್ಪಣಿ ಇರುತ್ತದೆ; ಕ್ಯಾಮೆರಾಗೆ ಸ್ಥಳದ ಅನುಮತಿ ಕೊಟ್ಟಿದ್ದರೆ ಎಲ್ಲಿ ತೆಗೆದದ್ದೆಂಬ ಅಕ್ಷಾಂಶ ರೇಖಾಂಶಗಳೂ ಅದರಲ್ಲಿ ಸೇರಿರುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಗುಣಮಟ್ಟ ಕೆಡಬಾರದೆಂದು ಡಾಕ್ಯುಮೆಂಟ್ ಆಗಿ ಕಳಿಸಿದರೆ ಹಾಗೆಯೇ ಹೋಗುತ್ತದೆ. ಕ್ಯಾಮೆರಾದ ಸ್ಥಳದ ಅನುಮತಿಯನ್ನೇ ತೆಗೆದುಬಿಟ್ಟೆ. ಬೇರೆಯವರ ಮಕ್ಕಳ ಚಿತ್ರಗಳನ್ನು ಅವರ ತಂದೆತಾಯಿಯನ್ನು ಕೇಳದೆ ಎಲ್ಲಿಯೂ ಹಾಕುವುದಿಲ್ಲ.

ಉಪಯೋಗಕ್ಕೆ ಬಾರದವೂ ಇವೆ. 2018ರಲ್ಲಿ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಆ್ಯಪ್ ಬಳಕೆಯ ಸಮಯವನ್ನು ಅಳೆದು ಮಿತಿ ಹಾಕುವ ಸೌಲಭ್ಯ ಬಂದಿತು. ಅಳತೆ ಉಪಯುಕ್ತವೇ, ಯಾವ ಆ್ಯಪ್ ಎಷ್ಟು ಹೊತ್ತು ತಿಂದಿದೆ ಎಂದು ಅದು ಮುಲಾಜಿಲ್ಲದೆ ಹೇಳುತ್ತದೆ. ಮಿತಿಯಿಂದ ಮಾತ್ರ ನನಗೆ ಪ್ರಯೋಜನವಾಗಲಿಲ್ಲ. ಐಫೋನ್‌ನಲ್ಲಿ ಸಮಯ ಮುಗಿದಾಗ ಬರುವ ಪರದೆಯಲ್ಲಿಯೇ ಇನ್ನೂ 15 ನಿಮಿಷ ಕೊಡುವ ಆಯ್ಕೆ ಇದೆ. ಬೀಗದ ಪಕ್ಕದಲ್ಲಿಯೇ ಕೀಲಿಕೈ ನೇತುಹಾಕಿದಂತೆ. ಪರದೆಯನ್ನು ಕಪ್ಪುಬಿಳುಪು ಮಾಡಿಕೊಳ್ಳುವ ಸಲಹೆಯನ್ನೂ ಪರೀಕ್ಷಿಸಿದೆ. ವಿಡಿಯೋಗಳ ಸೆಳೆತ ಸ್ವಲ್ಪ ಕಡಿಮೆಯಾಯಿತು ನಿಜ. ಆದರೆ ನಕಾಶೆಯಲ್ಲಿ ದಟ್ಟಣೆಯ ರಸ್ತೆ ಯಾವುದೆಂದು ತಿಳಿಯದೆ, ಫೋಟೋದ ಬಣ್ಣ ನೋಡಲಾಗದೆ ಮತ್ತೆ ಮತ್ತೆ ಬದಲಿಸಬೇಕಾಯಿತು. ಮಲಗುವ ಕೋಣೆಯಲ್ಲಿ ಫೋನ್ ಇಡದಿರುವುದು ಮಾತ್ರ ತಪ್ಪದೆ ಫಲ ಕೊಟ್ಟಿದೆ. ಅದಕ್ಕೆ ಬೇಕಾದದ್ದು ಒಂದು ಸಾಧಾರಣ ಅಲಾರಾಂ ಗಡಿಯಾರ, ಬೇರೇನಿಲ್ಲ.

ಈ ವ್ಯವಸ್ಥೆಯನ್ನು ಒಮ್ಮೆ ಮಾಡಿ ಮರೆಯುವಂತಿಲ್ಲ. ಆ್ಯಪ್ ಹೊಸ ಆವೃತ್ತಿಗೆ ಬದಲಾದಾಗ ಹೊಸ ಸೌಲಭ್ಯದ ಜೊತೆಗೆ ಅದರ ನೋಟಿಫಿಕೇಶನ್ ವರ್ಗವೂ ಚಾಲೂ ಆಗಿಯೇ ಬರುತ್ತದೆ. ಒಂದು ಆಯ್ಕೆಯ ಹೆಸರು ಬದಲಾಗುತ್ತದೆ, ಇನ್ನೊಂದು ಬೇರೆ ಮೆನುವಿನೊಳಗೆ ಹೋಗಿ ಕೂರುತ್ತದೆ. ಹೀಗಾಗಿ ತಿಂಗಳಿಗೊಮ್ಮೆ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ ಪಟ್ಟಿಯನ್ನು ‘ಇತ್ತೀಚಿನವು’ ಎಂಬ ಕ್ರಮದಲ್ಲಿ ತೆರೆದು, ಮೇಲಿರುವ ಆ್ಯಪ್‌ಗಳನ್ನು ಒಮ್ಮೆ ನೋಡುತ್ತೇನೆ. ಈಗ ನನ್ನ ಫೋನಿನಲ್ಲಿ ಸದ್ದು ಮಾಡಲು ಅನುಮತಿ ಇರುವುದು ಕರೆಗಳಿಗೆ, ಬ್ಯಾಂಕಿನ ಸಂದೇಶಗಳಿಗೆ, ಕ್ಯಾಲೆಂಡರಿಗೆ ಮತ್ತು ವಾಟ್ಸ್ಆ್ಯಪ್‌ನಲ್ಲಿ ಮನೆಯವರು ನೇರವಾಗಿ ಕಳಿಸುವ ಸಂದೇಶಗಳಿಗೆ. ಕೆಲಸದ ಗುಂಪನ್ನು ಈ ಪಟ್ಟಿಗೆ ಸೇರಿಸಬೇಕೇ ಬೇಡವೇ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಸದ್ಯಕ್ಕೆ ಹಗಲು ಸೇರಿಸಿ, ಸಂಜೆಯ ನಂತರ ಮ್ಯೂಟ್ ಮಾಡುತ್ತಿದ್ದೇನೆ, ತುರ್ತಿದ್ದರೆ ಕರೆ ಮಾಡಿ ಎಂದು ಸಹೋದ್ಯೋಗಿಗಳಿಗೆ ತಿಳಿಸಿದ್ದೇನೆ.